ಚೀನಾದ ವಿಡಿಯೊ ಗೇಮ್ ಕಂಪನಿಗಳ ಷೇರುಗಳು

ಚೀನಾದ ವಿಡಿಯೊ ಗೇಮ್ ಕಂಪನಿಗಳ ಷೇರುಗಳು ಎಂದರೆ ಕಂಪ್ಯೂಟರ್ ಮತ್ತು ಮೊಬೈಲ್ ಫೋನುಗಳಲ್ಲಿ ಆಡುವ ಆಟಗಳನ್ನು ತಯಾರಿಸುವ ಅಥವಾ ನಡೆಸುವ ಚೀನೀ ಸಂಸ್ಥೆಗಳ ಷೇರುಗಳು. ಇವು ಹಾಂಗ್‌ಕಾಂಗ್, ಅಮೆರಿಕ ಹಾಗೂ ಚೀನಾದ ಒಳನಾಡಿನ ಷೇರುಪೇಟೆಗಳಲ್ಲಿ ವಹಿವಾಟಾಗುತ್ತವೆ. ನೆಟ್‌ಈಸ್ ಮತ್ತು ಷೆನ್‌ಝೆನ್ ನಗರದ ಟೆನ್ಸೆಂಟ್ ಇವುಗಳಲ್ಲಿ ಪ್ರಮುಖವಾದವು. 2024ರಲ್ಲಿ ಚೀನಾದೊಳಗಿನ ಗೇಮ್ ಮಾರುಕಟ್ಟೆಯ ಆದಾಯ ಸುಮಾರು 32,578 ಕೋಟಿ ಯುವಾನ್, ಆಟಗಾರರ ಸಂಖ್ಯೆ ಸುಮಾರು 67.4 ಕೋಟಿ. ಇಷ್ಟು ದೊಡ್ಡ ಮಾರುಕಟ್ಟೆಯಿದ್ದರೂ ಈ ಷೇರುಗಳ ಬೆಲೆಯನ್ನು ಆಟಗಾರರ ಅಭಿರುಚಿಗಿಂತ ಹೆಚ್ಚಾಗಿ ಸರ್ಕಾರದ ಒಂದು ಸುತ್ತೋಲೆಯೇ ಅಲುಗಾಡಿಸಿದ ಉದಾಹರಣೆಗಳು ಅನೇಕ.

ಹಿನ್ನೆಲೆ

ಚೀನಾ ಸರ್ಕಾರವು 2000ದಲ್ಲಿ ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್‌ಗಳ ಮಾರಾಟವನ್ನು ನಿಷೇಧಿಸಿತು. ಈ ನಿಷೇಧ ದೇಶದಾದ್ಯಂತ ಪೂರ್ಣವಾಗಿ ತೆರವಾದದ್ದು 2015ರಲ್ಲಿ. ಹೀಗಾಗಿ ಜಪಾನ್ ಮತ್ತು ಅಮೆರಿಕಗಳಲ್ಲಿ ಬೆಳೆದಂತೆ ಆಟದ ಡಿಸ್ಕನ್ನು ಕೊಂಡು ಮನೆಯಲ್ಲಿ ಆಡುವ ಅಭ್ಯಾಸ ಅಲ್ಲಿ ಬೇರೂರಲಿಲ್ಲ. ಇಂಟರ್ನೆಟ್ ಕೆಫೆಗಳಲ್ಲಿ ಆಡುವ ಆನ್‌ಲೈನ್ ಆಟಗಳೂ, ಮುಂದೆ ಮೊಬೈಲ್ ಆಟಗಳೂ ಬೆಳೆದವು. ಆಟ ಉಚಿತ, ಆಟದೊಳಗಿನ ಆಯುಧ, ಉಡುಪು, ಪಾತ್ರಗಳಿಗೆ ಮಾತ್ರ ಹಣ. ಈ ಪದ್ಧತಿಯಲ್ಲಿ ಬಹುಪಾಲು ಆಟಗಾರರು ಏನನ್ನೂ ಕೊಳ್ಳುವುದಿಲ್ಲ, ಆದಾಯವೆಲ್ಲ ಮತ್ತೆ ಮತ್ತೆ ಖರ್ಚು ಮಾಡುವ ಕೆಲವರಿಂದ ಬರುತ್ತದೆ.

ಈ ಷೇರುಗಳ ಏರಿಳಿತದ ಸ್ವಭಾವ ಮೊದಲಿನಿಂದಲೂ ಇದ್ದದ್ದೇ. ಡಿಂಗ್ ಲೀ 1997ರಲ್ಲಿ ಸ್ಥಾಪಿಸಿದ ನೆಟ್‌ಈಸ್ 2000ದ ಜೂನ್‌ನಲ್ಲಿ ಅಮೆರಿಕದ ನಾಸ್ಡಾಕ್ ಪೇಟೆಯನ್ನು ಪ್ರವೇಶಿಸಿತು. ಮರುವರ್ಷವೇ ಲೆಕ್ಕಪತ್ರಗಳಲ್ಲಿನ ದೋಷದಿಂದಾಗಿ ಅದರ ವಹಿವಾಟನ್ನು ಕೆಲವು ತಿಂಗಳ ಕಾಲ ಸ್ಥಗಿತಗೊಳಿಸಲಾಯಿತು, ಷೇರಿನ ಬೆಲೆ ಒಂದು ಡಾಲರಿಗಿಂತ ಕೆಳಗಿಳಿಯಿತು. ಮೊಬೈಲ್ ಸಂದೇಶ ಸೇವೆ ಮತ್ತು ಆನ್‌ಲೈನ್ ಆಟಗಳು ಕಂಪನಿಯನ್ನು ಎತ್ತಿ ನಿಲ್ಲಿಸಿದವು. 2003ರ ಹೊತ್ತಿಗೆ ಡಿಂಗ್ ಲೀ ಚೀನಾದ ಅತ್ಯಂತ ಶ್ರೀಮಂತ ವ್ಯಕ್ತಿಯೆಂದು ಹೆಸರಾಗಿದ್ದರು.

ಟೆನ್ಸೆಂಟ್

ಮಾ ಹುವಾಟೆಂಗ್ ಮತ್ತು ಅವರ ಸಂಗಡಿಗರು 1998ರ ನವೆಂಬರ್‌ನಲ್ಲಿ ಸ್ಥಾಪಿಸಿದ ಟೆನ್ಸೆಂಟ್, ಕ್ಯೂಕ್ಯೂ ಎಂಬ ಸಂದೇಶ ಸೇವೆಯಿಂದ ಆರಂಭವಾಯಿತು. 2001ರಲ್ಲಿ ದಕ್ಷಿಣ ಆಫ್ರಿಕಾದ ಪತ್ರಿಕಾ ಸಂಸ್ಥೆ ನ್ಯಾಸ್ಪರ್ಸ್ ಸುಮಾರು 3.2 ಕೋಟಿ ಡಾಲರ್ ಕೊಟ್ಟು ಇದರ ಶೇ. 46.5ರಷ್ಟು ಪಾಲನ್ನು ಕೊಂಡಿತು. 2018ರಲ್ಲಿ ಅದೇ ಸಂಸ್ಥೆ ಟೆನ್ಸೆಂಟ್‌ನ ಶೇ. 2ರಷ್ಟು ಷೇರುಗಳನ್ನು ಮಾತ್ರ ಮಾರಿದಾಗ ಬಂದ ಹಣ ಸುಮಾರು 980 ಕೋಟಿ ಡಾಲರ್. ಚೀನೀ ಷೇರುಗಳ ಬಗ್ಗೆ ಆಸೆ ಹುಟ್ಟಿಸುವ ಬರಹಗಳಲ್ಲಿ ಈ ಪ್ರಸಂಗ ತಪ್ಪದೆ ಬರುತ್ತದೆ. ಆದರೆ ಅದು ಹದಿನೇಳು ವರ್ಷ ಕೈಬಿಡದೆ ಹಿಡಿದಿಟ್ಟ ಹೂಡಿಕೆ ಎಂಬುದನ್ನು ಹೇಳುವವರು ಕಡಿಮೆ.

2004ರ ಜೂನ್‌ನಲ್ಲಿ ಟೆನ್ಸೆಂಟ್ ತಲಾ 3.70 ಹಾಂಗ್‌ಕಾಂಗ್ ಡಾಲರ್ ದರದಲ್ಲಿ ಷೇರುಗಳನ್ನು ಸಾರ್ವಜನಿಕರಿಗೆ ನೀಡಿತು. 2014ರಲ್ಲಿ ಒಂದು ಷೇರನ್ನು ಐದಾಗಿ ವಿಭಜಿಸಲಾಯಿತು. ಕಂಪನಿಯು 2011ರಲ್ಲಿ ಅಮೆರಿಕದ ರಯಟ್ ಗೇಮ್ಸ್‌ನ ಬಹುಪಾಲನ್ನು, 2012ರಲ್ಲಿ ಎಪಿಕ್ ಗೇಮ್ಸ್‌ನ ಸುಮಾರು ಶೇ. 40ರಷ್ಟನ್ನು ಕೊಂಡಿತು, 2016ರಲ್ಲಿ ಫಿನ್ಲೆಂಡಿನ ಸೂಪರ್‌ಸೆಲ್ ಅನ್ನು ಕೊಂಡ ಕೂಟದ ಮುಂದಾಳುವೂ ಆಯಿತು. ಆದ್ದರಿಂದ ಟೆನ್ಸೆಂಟ್ ಷೇರನ್ನು ಕೊಳ್ಳುವವರು ಚೀನಾದ ಆಟಗಳಲ್ಲಷ್ಟೇ ಅಲ್ಲದೆ ಪಾಶ್ಚಾತ್ಯ ಆಟಗಳಲ್ಲಿಯೂ, ವೀಚಾಟ್, ಜಾಹೀರಾತು ಮತ್ತು ಹಣಪಾವತಿ ವ್ಯವಹಾರಗಳಲ್ಲಿಯೂ ಪಾಲು ಪಡೆಯುತ್ತಾರೆ.

ಷೇರುದಾರರ ಕಾನೂನು ಸ್ಥಾನ

ವಿದೇಶಿ ಹೂಡಿಕೆದಾರರು ಸಾಮಾನ್ಯವಾಗಿ ಗಮನಿಸದೆ ಬಿಡುವ ಸಂಗತಿಯೊಂದಿದೆ. ಇಂಟರ್ನೆಟ್ ಮತ್ತು ಪ್ರಕಾಶನ ಕ್ಷೇತ್ರಗಳ ಹಲವು ವ್ಯವಹಾರಗಳಲ್ಲಿ ವಿದೇಶಿಯರು ಮಾಲೀಕರಾಗುವುದನ್ನು ಚೀನಾದ ಕಾನೂನು ನಿರ್ಬಂಧಿಸುತ್ತದೆ. ಇದನ್ನು ದಾಟಲು ಕಂಪನಿಗಳು ಕೇಮನ್ ದ್ವೀಪಗಳಂಥ ಕಡೆ ಒಂದು ಮಾತೃಸಂಸ್ಥೆಯನ್ನು ನೋಂದಾಯಿಸುತ್ತವೆ. ಹಾಂಗ್‌ಕಾಂಗ್ ಅಥವಾ ನ್ಯೂಯಾರ್ಕಿನಲ್ಲಿ ಮಾರಾಟವಾಗುವುದು ಈ ಸಂಸ್ಥೆಯ ಷೇರು. ಆಟ ನಡೆಸುವ ಪರವಾನಗಿ ಇರುವುದು ಚೀನೀ ಪ್ರಜೆಗಳ ಹೆಸರಿನಲ್ಲಿರುವ ಬೇರೊಂದು ಕಂಪನಿಗೆ. ಇವೆರಡನ್ನೂ ಬೆಸೆಯುವುದು ಸರಣಿ ಒಪ್ಪಂದಗಳು ಮಾತ್ರ. ಆ ಒಪ್ಪಂದಗಳ ಮೂಲಕವೇ ಲಾಭವು ಮಾತೃಸಂಸ್ಥೆಗೆ ಹರಿದು ಬರುತ್ತದೆ. ಹೊಲದ ಪಹಣಿ ಒಬ್ಬರ ಹೆಸರಿನಲ್ಲಿದ್ದು, ಬೆಳೆಯನ್ನು ಇನ್ನೊಬ್ಬರಿಗೆ ಕೊಡುವುದಾಗಿ ಕರಾರು ಬರೆದುಕೊಟ್ಟಂತೆ ಇದು. ಕರಾರು ನಡೆಯುವವರೆಗೆ ತೊಂದರೆಯಿಲ್ಲ. ನಡೆಯದಿದ್ದರೆ ಹೊಲದ ಮೇಲೆ ಹಕ್ಕು ಸಾಧಿಸಲು ಹೋಗಬೇಕಾದದ್ದು ಚೀನಾದ ನ್ಯಾಯಾಲಯಕ್ಕೆ. ಸೀನಾ ಕಂಪನಿ 2000ದಲ್ಲಿ ಈ ಏರ್ಪಾಡಿನೊಂದಿಗೆ ನಾಸ್ಡಾಕ್ ಪ್ರವೇಶಿಸಿದಂದಿನಿಂದ ಇದು ರೂಢಿಯಲ್ಲಿದೆ. ಈ ಅಪಾಯವನ್ನು ಕಂಪನಿಗಳು ತಮ್ಮ ವಾರ್ಷಿಕ ವರದಿಗಳಲ್ಲಿ ತಾವಾಗಿಯೇ ತಿಳಿಸುತ್ತವೆ. ಓದುವ ತಾಳ್ಮೆ ಬೇಕು, ಅಷ್ಟೆ.

ಸರ್ಕಾರದ ನಿಯಂತ್ರಣ

ಚೀನಾದಲ್ಲಿ ಪ್ರತಿ ಆಟಕ್ಕೂ ಪ್ರಕಾಶನ ಪರವಾನಗಿ ಸಂಖ್ಯೆ ಬೇಕು. ಇದಿಲ್ಲದೆ ಆಟದಿಂದ ಹಣ ಗಳಿಸುವಂತಿಲ್ಲ. 2018ರ ಮಾರ್ಚ್‌ನಲ್ಲಿ ಪ್ರಕಾಶನ ನಿಯಂತ್ರಣವು ಕಮ್ಯುನಿಸ್ಟ್ ಪಕ್ಷದ ಪ್ರಚಾರ ವಿಭಾಗದ ಅಧೀನಕ್ಕೆ ಬಂದಿತು. ಆಗ ನಿಂತ ಪರವಾನಗಿ ನೀಡಿಕೆ ಮತ್ತೆ ಆರಂಭವಾದದ್ದು ಡಿಸೆಂಬರ್‌ನಲ್ಲಿ. 2021ರ ಜುಲೈ ನಂತರ ಎರಡನೆಯ ಬಾರಿ ನಿಂತು, 2022ರ ಏಪ್ರಿಲ್‌ನಲ್ಲಿ ಮುಂದುವರಿಯಿತು. ಆ ವರ್ಷ ಪರವಾನಗಿ ಪಡೆದ ಆಟಗಳು 512 ಮಾತ್ರ, ಗೇಮ್ ಮಾರುಕಟ್ಟೆಯ ಆದಾಯವೂ ಶೇ. 10ರಷ್ಟು ಕುಸಿಯಿತು. 2024ರಲ್ಲಿ ಪರವಾನಗಿಗಳ ಸಂಖ್ಯೆ 1,416ಕ್ಕೆ ಏರಿತು.

2021ರ ಆಗಸ್ಟ್ 3ರಂದು ಸರ್ಕಾರಿ ಸುದ್ದಿಸಂಸ್ಥೆ ಷಿನ್‌ಹುವಾದ ಅಧೀನದಲ್ಲಿರುವ ಆರ್ಥಿಕ ಪತ್ರಿಕೆಯೊಂದು ಆನ್‌ಲೈನ್ ಆಟಗಳನ್ನು ‘ಆಧ್ಯಾತ್ಮಿಕ ಅಫೀಮು’ ಎಂದು ಕರೆಯಿತು. ಟೆನ್ಸೆಂಟ್ ಷೇರು ಆ ದಿನ ಒಂದು ಹಂತದಲ್ಲಿ ಶೇ. 10ಕ್ಕಿಂತ ಹೆಚ್ಚು ಕುಸಿಯಿತು. ಕೆಲವು ಗಂಟೆಗಳಲ್ಲಿ ಲೇಖನವನ್ನು ತೆಗೆದು, ಆ ಪದವಿಲ್ಲದೆ ಮತ್ತೆ ಪ್ರಕಟಿಸಲಾಯಿತು. ಬೇರೆ ದೇಶದಲ್ಲಿ ಇಂತಹ ಮಾತು ವಾಡಿಕೆಯ ಟೀಕೆಯಾಗಿ ಉಳಿಯುತ್ತಿತ್ತು. ಆದರೆ ಬ್ರಿಟಿಷ್ ಭಾರತದಲ್ಲಿ ಬೆಳೆದ ಅಫೀಮನ್ನು ಕೊಳ್ಳಲೇಬೇಕೆಂದು ಹೇರಿದ ಯುದ್ಧದಲ್ಲಿ ಸೋತು, 1842ರಲ್ಲಿ ಹಾಂಗ್‌ಕಾಂಗ್ ದ್ವೀಪವನ್ನೇ ಬಿಟ್ಟುಕೊಟ್ಟ ದೇಶದಲ್ಲಿ ‘ಅಫೀಮು’ ಎಂಬುದು ಸಾಧಾರಣ ಪದವಲ್ಲ. ಅದೇ ತಿಂಗಳ ಕೊನೆಯಲ್ಲಿ ಹೊಸ ನಿಯಮ ಬಂದಿತು: 18 ವರ್ಷದೊಳಗಿನವರು ಶುಕ್ರವಾರ, ಶನಿವಾರ, ಭಾನುವಾರ ಮತ್ತು ಸಾರ್ವಜನಿಕ ರಜೆಗಳಂದು ರಾತ್ರಿ 8ರಿಂದ 9ರವರೆಗೆ ಮಾತ್ರ ಆಡಬಹುದು. ಮಕ್ಕಳ ಕಣ್ಣು ಮತ್ತು ಓದಿನ ಬಗೆಗಿನ ಪೋಷಕರ ಕಳವಳ ನಿಜವಾದದ್ದೇ. ಆದರೆ ಲೆಕ್ಕದ ದೃಷ್ಟಿಯಿಂದ ನೋಡಿದರೆ, ಆ ವರ್ಷದ ಎರಡನೆಯ ತ್ರೈಮಾಸಿಕದಲ್ಲಿ ಟೆನ್ಸೆಂಟ್‌ಗೆ ಚೀನಾದ ಆಟಗಳಿಂದ ಬಂದ ಹಣದಲ್ಲಿ 16 ವರ್ಷದೊಳಗಿನವರ ಪಾಲು ಶೇ. 2.6 ಮಾತ್ರವೆಂದು ಕಂಪನಿಯೇ ತಿಳಿಸಿತ್ತು. ಪೇಟೆ ಹೆದರಿದ್ದು ಈ ಸಣ್ಣ ನಷ್ಟಕ್ಕಲ್ಲ, ಮುಂದೇನು ಬರುವುದೋ ಎಂಬುದಕ್ಕೆ. 2021ರ ಫೆಬ್ರವರಿಯಲ್ಲಿ 750 ಹಾಂಗ್‌ಕಾಂಗ್ ಡಾಲರ್ ದಾಟಿದ್ದ ಟೆನ್ಸೆಂಟ್ ಷೇರು 2022ರ ಅಕ್ಟೋಬರ್‌ನಲ್ಲಿ 200ಕ್ಕಿಂತ ಕೆಳಗಿತ್ತು. ತುದಿಯಲ್ಲಿ ಕೊಂಡವರ ಹಣದ ಮುಕ್ಕಾಲು ಪಾಲಿನಷ್ಟು ಮೌಲ್ಯ ಇಪ್ಪತ್ತು ತಿಂಗಳಲ್ಲಿ ಕರಗಿತು.

2023ರ ಡಿಸೆಂಬರ್ 22ರ ಘಟನೆ ಇನ್ನೂ ತೀಕ್ಷ್ಣವಾದದ್ದು. ಪ್ರತಿದಿನ ಆಟಕ್ಕೆ ಬರುವವರಿಗೆ, ಮೊದಲ ಬಾರಿ ಹಣ ಹಾಕುವವರಿಗೆ, ಬಿಡದೆ ಹಣ ಹಾಕುವವರಿಗೆ ಕೊಡುವ ಬಹುಮಾನಗಳನ್ನು ನಿಷೇಧಿಸುವ ಕರಡು ನಿಯಮ ಅಂದು ಪ್ರಕಟವಾಯಿತು. ಉಚಿತ ಆಟಗಳ ಗಳಿಕೆ ನಿಂತಿರುವುದೇ ಇಂತಹ ಆಮಿಷಗಳ ಮೇಲೆ. ಒಂದೇ ದಿನ ಹಾಂಗ್‌ಕಾಂಗ್‌ನಲ್ಲಿ ಟೆನ್ಸೆಂಟ್ ಸುಮಾರು ಶೇ. 12, ನೆಟ್‌ಈಸ್ ಸುಮಾರು ಶೇ. 25 ಕುಸಿದವು. ಮೂರು ದಿನಗಳ ನಂತರ ಅಧಿಕಾರಿಗಳು 105 ಆಟಗಳಿಗೆ ಅನುಮತಿ ಕೊಟ್ಟು ಸಮಾಧಾನಪಡಿಸಲು ಯತ್ನಿಸಿದರು. 2024ರ ಜನವರಿಯಲ್ಲಿ ಆ ಕರಡು ಸರ್ಕಾರದ ಜಾಲತಾಣದಿಂದ ಸದ್ದಿಲ್ಲದೆ ಮರೆಯಾಯಿತು.

ಇತರ ಅಪಾಯಗಳು

ಯಶಸ್ವಿಯಾದ ಆಟವೆಲ್ಲ ಷೇರುಪೇಟೆಯಲ್ಲಿ ದೊರೆಯುವುದಿಲ್ಲ. ‘ಗೆನ್‌ಶಿನ್ ಇಂಪ್ಯಾಕ್ಟ್’ ತಯಾರಿಸಿದ ಮಿಹೊಯೊ ಖಾಸಗಿ ಸಂಸ್ಥೆ. 2024ರ ಆಗಸ್ಟ್ 20ರಂದು ಬಿಡುಗಡೆಯಾಗಿ ಮೂರು ದಿನಗಳಲ್ಲಿ ಒಂದು ಕೋಟಿ ಪ್ರತಿಗಳು ಮಾರಾಟವಾದ ‘ಬ್ಲ್ಯಾಕ್ ಮಿಥ್: ವುಕಾಂಗ್’ ಆಟದ ನಿರ್ಮಾಪಕರಾದ ಗೇಮ್ ಸೈನ್ಸ್ ಕೂಡ ಪೇಟೆಯಲ್ಲಿರಲಿಲ್ಲ, ಅದರಲ್ಲಿ ಟೆನ್ಸೆಂಟ್‌ಗೆ ಇದ್ದದ್ದು ಸಣ್ಣ ಪಾಲು. ಅಮೆರಿಕದ ಕಡೆಯಿಂದಲೂ ತೊಡಕುಗಳಿವೆ. 2025ರ ಜನವರಿಯಲ್ಲಿ ಅಲ್ಲಿನ ರಕ್ಷಣಾ ಇಲಾಖೆ, ಚೀನಾದ ಸೇನೆಯೊಂದಿಗೆ ಸಂಬಂಧವಿರುವ ಕಂಪನಿಗಳ ಪಟ್ಟಿಗೆ ಟೆನ್ಸೆಂಟ್ ಅನ್ನು ಸೇರಿಸಿತು. ಕಂಪನಿಯು ಇದನ್ನು ಅಲ್ಲಗಳೆಯಿತಾದರೂ ಷೇರು ಕುಸಿಯಿತು.

ಭಾರತದೊಂದಿಗೆ ಸಂಬಂಧ

ಗಡಿ ಸಂಘರ್ಷದ ನಂತರ ಭಾರತ ಸರ್ಕಾರವು 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಟೆನ್ಸೆಂಟ್ ನಡೆಸುತ್ತಿದ್ದ ಪಬ್‌ಜಿ ಮೊಬೈಲ್ ಸಹ ಇತ್ತು. ಆಟದ ಮೂಲ ಹಕ್ಕುದಾರರಾದ ದಕ್ಷಿಣ ಕೊರಿಯಾದ ಸಂಸ್ಥೆ ಭಾರತದಲ್ಲಿನ ಪ್ರಕಾಶನವನ್ನು ಟೆನ್ಸೆಂಟ್‌ನಿಂದ ಹಿಂಪಡೆದು, 2021ರಲ್ಲಿ ಬೇರೆ ಹೆಸರಿನಲ್ಲಿ ಆಟವನ್ನು ತಂದಿತು. ಬೆಂಗಳೂರಿನ ಫ್ಲಿಪ್‌ಕಾರ್ಟ್‌ನಲ್ಲಿ 2017ರಲ್ಲಿ, ಸ್ವಿಗ್ಗಿಯಲ್ಲಿ 2018ರಲ್ಲಿ ಟೆನ್ಸೆಂಟ್ ಹಣ ಹೂಡಿತ್ತು. ಸ್ವಿಗ್ಗಿಯ ಅತಿದೊಡ್ಡ ಷೇರುದಾರ ಸಂಸ್ಥೆಯಾಗಿದ್ದ ಪ್ರೋಸಸ್, ಟೆನ್ಸೆಂಟ್‌ನಿಂದ ಬೆಳೆದ ನ್ಯಾಸ್ಪರ್ಸ್‌ನ ಅಂಗಸಂಸ್ಥೆಯೇ.

ಭಾರತದ ನಿವಾಸಿಗಳು ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳುಹಿಸಿ ವಿದೇಶಿ ಷೇರುಗಳನ್ನು ಕೊಳ್ಳಬಹುದು. ಸಣ್ಣ ಮೊತ್ತದವರಿಗೆ ಹಾಂಗ್‌ಕಾಂಗ್ ಸೂಚ್ಯಂಕಗಳನ್ನು ಅನುಸರಿಸುವ ಮ್ಯೂಚುವಲ್ ಫಂಡ್‌ಗಳು ರೂಪಾಯಿಯಲ್ಲೇ ಲಭ್ಯ. ಆದರೆ ಇಡೀ ಫಂಡ್ ಉದ್ಯಮ ವಿದೇಶಿ ಷೇರುಗಳಲ್ಲಿ ಹೂಡಬಹುದಾದ ಮೊತ್ತಕ್ಕೆ 700 ಕೋಟಿ ಡಾಲರ್ ಮಿತಿಯಿದ್ದು, 2022ರ ಆರಂಭದಲ್ಲಿ ಆ ಮಿತಿ ಸಮೀಪಿಸಿದಾಗ ಸೆಬಿ ಹೊಸ ಹೂಡಿಕೆಯನ್ನು ನಿಲ್ಲಿಸಲು ಸೂಚಿಸಿತು. ಹೊಸ ಯೂನಿಟ್‌ಗಳು ಬಾರದಿದ್ದಾಗ, ಪೇಟೆಯಲ್ಲಿ ವಹಿವಾಟಾಗುವ ಇಂತಹ ಫಂಡ್‌ನ ಬೆಲೆ ಅದರ ನಿಜಮೌಲ್ಯಕ್ಕಿಂತ ಮೇಲೇರಬಹುದು. ಆದ್ದರಿಂದ ಕೊಳ್ಳುವ ದಿನ ಆ ಎರಡು ಅಂಕಿಗಳನ್ನೂ ಹೋಲಿಸಿ ನೋಡುವುದು ಅವಶ್ಯಕ.