ರೆವಲ್ಯೂಷನ್: ಆಕಾಶದಿಂದ ಬೀದಿಗೆ

ರೆವಲ್ಯೂಷನ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬೀದಿಗಿಳಿದ ಜನ, ಉರುಳಿದ ಸಿಂಹಾಸನ. ಆದರೆ ಮೊದಲಿಗೆ ಇದು ಖಗೋಳಶಾಸ್ತ್ರದ ಪದ. ಲ್ಯಾಟಿನ್ನಿನ 'ರೆವೊಲ್ವೆರೆ' ಎಂದರೆ ಹಿಂದಕ್ಕೆ ಉರುಳು, ಸುತ್ತಿ ಬಾ. 1543ರಲ್ಲಿ ಪ್ರಕಟವಾದ ಕೊಪರ್ನಿಕಸನ ಗ್ರಂಥದ ಹೆಸರಿನಲ್ಲಿಯೂ ಅದು ಆಕಾಶಗೋಳಗಳ ಪರಿಭ್ರಮಣವೇ. ಸುತ್ತು ಮುಗಿದರೆ ಗ್ರಹ ಹೊರಟಲ್ಲಿಗೇ ಮರಳುತ್ತದೆ. (ಮೋಟಾರಿನ ಆರ್.ಪಿ.ಎಂ.ನಲ್ಲಿರುವ 'ಆರ್' ಕೂಡ ಇದೇ!)

ರಾಜಕೀಯಕ್ಕೆ ಬಂದ ಮೇಲೂ ಈ ಅರ್ಥ ಬೇಗ ಬಿಡಲಿಲ್ಲ. 1688ರಲ್ಲಿ ಇಂಗ್ಲೆಂಡಿನ ಎರಡನೆಯ ಜೇಮ್ಸ್ ಸಿಂಹಾಸನ ಕಳೆದುಕೊಂಡಾಗ, ಅವನ ವಿರೋಧಿಗಳು ಹೇಳಿಕೊಂಡದ್ದು ಹೊಸದನ್ನು ತಂದೆವೆಂದಲ್ಲ, ಪುರಾತನ ಹಕ್ಕುಗಳನ್ನು ಮರಳಿ ಸ್ಥಾಪಿಸಿದೆವೆಂದು. ಚಿತ್ರ ಬದಲಾದದ್ದು 1789ರ ಫ್ರಾನ್ಸಿನಲ್ಲಿ. ಬಾಸ್ಟೀಲ್ ಕೋಟೆ ಬಿದ್ದ ಸುದ್ದಿ ಕೇಳಿ ಹದಿನಾರನೆಯ ಲೂಯಿ "ಇದು ದಂಗೆಯೇ?" ಎಂದನೆಂದೂ, ಲಿಯಾಂಕೂರಿನ ಡ್ಯೂಕ್ "ಅಲ್ಲ ಪ್ರಭು, ರೆವಲ್ಯೂಷನ್" ಎಂದನೆಂದೂ ಕಥೆ ಪ್ರಸಿದ್ಧ. ದಂಗೆಯನ್ನು ಸೈನ್ಯ ಅಡಗಿಸಬಹುದು; ಗ್ರಹಗತಿಯನ್ನು ತಡೆಯಲಾದೀತೆ? ಅಂದಿನಿಂದ ಮರಳುವ ಅರ್ಥ ಹಿಂದೆ ಸರಿದು, ಮರಳಲಾಗದ ಬದಲಾವಣೆಯ ಅರ್ಥ ಮುಂದೆ ಬಂದಿತು.

ನಮ್ಮ 'ಕ್ರಾಂತಿ'ಯೂ ಆಕಾಶದ ನಂಟುಳ್ಳದ್ದೇ. ಸೂರ್ಯನ ಹಾದಿ ಕ್ರಾಂತಿವೃತ್ತ. ರಾಶಿಯಿಂದ ರಾಶಿಗೆ ದಾಟುವುದು ಸಂಕ್ರಾಂತಿ. ಆದರೆ ಈ ಪದದ ಸಂಸ್ಕೃತ ಧಾತುವಿನಲ್ಲಿ ಹಿಂದಿರುಗುವ ಮಾತಿಲ್ಲ. 'ಕ್ರಮ್' ಎಂದರೆ ಹೆಜ್ಜೆಯಿಡು, ದಾಟು.