ಹಿತ್ತಲಿನ ಕುಂಟೆಯೂ ಕಾಡುಹೂವಿನ ಸಾಲೂ

(ವ್ಯವಸಾಯ ಇನ್‌ಸ್ಪೆಕ್ಟರೊಬ್ಬರು, ಎಲ್. ಎಜಿ., ಬರೆದುದು)

ಬೇಸಾಯಗಾರನು ತನ್ನ ಭೂಮಿಯಲ್ಲಿ ಫಸಲು ಕೊಡದ ಜಾಗವನ್ನೆಲ್ಲ ದಂಡವೆಂದು ಎಣಿಸುವುದು ಸಹಜ. ಬದುವಿನ ಮೇಲಿನ ತುಂಬೆ, ಬೇಲಿಯ ಸಾಲಿನ ತಂಗಡಿ, ಹಿತ್ತಲಿನ ಮೂಲೆಯಲ್ಲಿ ನಿಂತ ನೀರು, ಇವು ಯಾವುವೂ ಅವನ ಲೆಕ್ಕದಲ್ಲಿ ಸೇರುವುದಿಲ್ಲ. ಆದರೆ ಇವುಗಳನ್ನು ಆಶ್ರಯಿಸಿ ಬಾಳುವ ಜೇನುನೊಣ, ಕಣಜ, ಕಪ್ಪೆ, ಹಕ್ಕಿ ಮೊದಲಾದ ಜೀವಿಗಳು ಕೂಲಿ ಕೇಳದೆ ಅವನ ಹೊಲದಲ್ಲಿ ದುಡಿಯುತ್ತಿವೆ. ಅವುಗಳಿಗೆ ಇರಲು ಎಡೆಯಿಲ್ಲದಂತೆ ಮಾಡಿದರೆ ಆ ದುಡಿಮೆಯೂ ನಿಂತುಹೋಗುವುದು. ಒಂದು ಗುಂಟೆಗಿಂತ ಹೆಚ್ಚಲ್ಲದ ಜಾಗದಲ್ಲಿ ಅವುಗಳಿಗೆ ನೆಲೆಯನ್ನು ಕಲ್ಪಿಸುವುದು ಹೇಗೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಬದುಗಳನ್ನು ಬೋಳಾಗಿ ಕೆತ್ತಿ ಚೊಕ್ಕಟವಾಗಿಡಬೇಕೆಂದು ಹೋದ ಹೋದ ಊರಿನಲ್ಲೆಲ್ಲ ಹೇಳುತ್ತಿದ್ದೆನು. ತುಮಕೂರು ಜಿಲ್ಲೆಯ ಒಂದು ಗ್ರಾಮದಲ್ಲಿ ವಯಸ್ಸಾದ ಗೌಡರೊಬ್ಬರು ನನ್ನ ಮಾತಿನಂತೆ ಬದುಗಳನ್ನು ಕೆತ್ತಿಸಿ ಸುಡಿಸಿದರು. ಹಳೆಯ ಗೋಕಟ್ಟೆಯನ್ನೂ ಮುಚ್ಚಿಸಿ ಸಮಮಾಡಿಸಿದರು. ಮರುವರ್ಷ ಅವರು ಹಾಕಿದ್ದ ಕುಂಬಳದ ಬಳ್ಳಿ ಸೊಂಪಾಗಿ ಹಬ್ಬಿತು, ಹೂವೂ ತುಂಬ ಬಂದಿತು. ಆದರೆ ಹೀಚುಗಳು ಹಳದಿಯಾಗಿ ಉದುರತೊಡಗಿದವು. "ಸ್ವಾಮೀ, ಹೂವಿಗೇನೂ ಕೊರತೆಯಿಲ್ಲ, ಕಾಯಿ ಮಾತ್ರ ನಿಲ್ಲುವುದಿಲ್ಲ. ಗೊಬ್ಬರ ಸಾಲದೇನೋ ನೋಡಿ" ಎಂದು ಅವರು ನನ್ನನ್ನು ಕರೆಸಿದರು. ಬೆಳಿಗ್ಗೆ ಒಂದು ಗಂಟೆ ಬಳ್ಳಿಯ ಬಳಿ ಕುಳಿತು ನೋಡಿದರೂ ಹೂವಿಗೆ ಬಂದ ಜೇನುನೊಣಗಳನ್ನು ಬೆರಳಿನಲ್ಲಿ ಎಣಿಸಬಹುದಾಗಿತ್ತು. ಸಂಶಯವನ್ನು ಪರಿಹರಿಸಿಕೊಳ್ಳಲು ಗಂಡುಹೂಗಳನ್ನು ಕಿತ್ತು, ಅವುಗಳ ಪರಾಗವನ್ನು ಕೆಲವು ಹೆಣ್ಣುಹೂಗಳ ಅಗ್ರಕ್ಕೆ ನಾವೇ ತಾಕಿಸಿ, ದಾರ ಕಟ್ಟಿ ಗುರುತುಮಾಡಿದೆವು. ಗುರುತುಮಾಡಿದ ಹೂಗಳಲ್ಲಿ ಬಹುಪಾಲು ಕಾಯಿಗಟ್ಟಿದವು. ಉಳಿದವು ಎಂದಿನಂತೆ ಉದುರಿದವು. ಕೊರತೆಯಿದ್ದುದು ಗೊಬ್ಬರದಲ್ಲಲ್ಲ, ಪರಾಗವನ್ನು ಹೊತ್ತು ತರುವವರಲ್ಲಿ ಎಂಬುದು ಆಗ ಸ್ಪಷ್ಟವಾಯಿತು.

ಹೂವಿಗೂ ಕೀಟಕ್ಕೂ ಇರುವ ಸಂಬಂಧ

ಕುಂಬಳದ ಜಾತಿಯ ಬಳ್ಳಿಗಳಲ್ಲಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ಪರಾಗವು ಅಂಟಾಗಿಯೂ ಭಾರವಾಗಿಯೂ ಇರುವುದರಿಂದ ಗಾಳಿಯಿಂದ ಸಾಗಲಾರದು. ಕುಂಬಳದ ಹೂ ಬೆಳಗಿನ ಜಾವ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುವುದು. ಅಷ್ಟರೊಳಗೆ ಜೇನುನೊಣವು ಬಾರದಿದ್ದರೆ ಆ ಹೂ ವ್ಯರ್ಥ. ಸೋರೆಯ ಬಿಳಿಯ ಹೂವಾದರೋ ಸಂಜೆಗೆ ಅರಳಿ ಇರುಳು ಹಾರುವ ಪತಂಗಗಳನ್ನು ಕಾಯುವುದು. ಬದನೆಯಲ್ಲಿ ಪರಾಗವು ಕೇಸರದ ತುದಿಯ ಸಣ್ಣ ರಂಧ್ರಗಳಿಂದ ಉದುರಬೇಕಾಗಿರುವುದರಿಂದ, ಹೂವನ್ನು ಹಿಡಿದು ಮೈ ನಡುಗಿಸುವ ದೊಡ್ಡ ಕಪ್ಪು ದುಂಬಿಯಂಥವು ಈ ಕೆಲಸವನ್ನು ಚೆನ್ನಾಗಿ ಮಾಡುವುವು. ತುಡುವೆ ಜೇನಿಗೆ ಈ ವಿದ್ಯೆ ಬಾರದು. ಆದಕಾರಣ ಒಂದೇ ಜಾತಿಯ ಕೀಟವನ್ನು ನಂಬಿದರೆ ಸಾಲದು.

ಹೀಗೆ ನಂಬುವುದು ಎಷ್ಟು ಅಪಾಯಕರವೆಂಬುದನ್ನು ನಮ್ಮ ನಾಡು ಒಮ್ಮೆ ಕಂಡಿದೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವಿಷಾಣುರೋಗವು ದಕ್ಷಿಣ ಭಾರತದಲ್ಲಿ ಹರಡಿ, ಪೆಟ್ಟಿಗೆಗಳಲ್ಲಿ ಸಾಕಿದ್ದ ತುಡುವೆ ಜೇನಿನ ಕುಟುಂಬಗಳಲ್ಲಿ ಹೆಚ್ಚಿನ ಪಾಲು ನಾಶವಾದವು. ಆಗ ಉಳಿದ ಕೆಲಸವನ್ನು ಮಾಡಿದವು ಕೋಲುಜೇನು, ಹೆಜ್ಜೇನು, ನಸರು ಜೇನು ಮತ್ತು ನೆಲದಲ್ಲಿ ಗೂಡು ತೋಡುವ ಒಂಟಿ ದುಂಬಿಗಳು. ಇವುಗಳಿಗೆ ಪೆಟ್ಟಿಗೆ ಬೇಕಿಲ್ಲ. ವರ್ಷದುದ್ದಕ್ಕೂ ಹೂವು, ಕುಡಿಯಲು ನೀರು, ಗೂಡಿಗೆ ಕೆದಕದ ನೆಲ, ಇಷ್ಟಿದ್ದರೆ ಸಾಕು.

ನಮ್ಮ ಹಿರಿಯರಿಗೆ ಇದು ತಿಳಿಯದ ವಿಷಯವೇನಲ್ಲ. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲು ಹಾಕಿ ಅವರೆ, ಹುಚ್ಚೆಳ್ಳು, ಸಾಸಿವೆ, ಹರಳುಗಳನ್ನು ಬೆಳೆಯುತ್ತಿದ್ದುದನ್ನು ನೆನೆಯಿರಿ. ಹುಚ್ಚೆಳ್ಳು ತನ್ನ ಪರಾಗದಿಂದ ತಾನೇ ಕಾಳುಕಟ್ಟಲಾರದ ಗಿಡ. ಅದರ ಹಳದಿ ಹೂವು ಜೇನನ್ನು ಹೊಲಕ್ಕೆ ಕರೆಯುವುದು, ಜೇನು ಅದಕ್ಕೆ ಕಾಳು ಕಟ್ಟಿಸುವುದು.

ಕುಂಟೆಯನ್ನು ತೋಡುವ ಕ್ರಮ

ಮನೆಯಿಂದ ಸುಮಾರು 30 ಅಡಿ ದೂರದಲ್ಲಿ, ದಿನದ ಅರ್ಧಭಾಗವಾದರೂ ಬಿಸಿಲು ಬೀಳುವ, ಮಳೆಯ ನೀರು ತಾನಾಗಿ ಹರಿದುಬರುವ ತಗ್ಗನ್ನು ಆರಿಸತಕ್ಕದ್ದು. ದೊಡ್ಡ ಮರದ ಕೆಳಗೆ ತೋಡಿದರೆ ಎಲೆ ಬಿದ್ದು ಕೊಳೆತು ನೀರು ಕೆಡುವುದು. ಬೇಸಗೆಯ ಕೊನೆಯಲ್ಲಿ, ಮುಂಗಾರಿಗೆ ಮುಂಚೆ, ಕೆಲಸವನ್ನು ಮುಗಿಸಬೇಕು.

1. ಉದ್ದ 15 ಅಡಿ, ಅಗಲ 10 ಅಡಿ, ಅತ್ಯಂತ ಆಳವಾದ ಕಡೆ 3 ಅಡಿ ಇರಲಿ.

2. ಉದ್ದದ ಒಂದು ತುದಿಯಿಂದ ಪ್ರತಿ 3 ಅಡಿಗೆ 1 ಅಡಿಯಂತೆ ಇಳಿಜಾರು ಮಾಡಬೇಕು. ಇದು ಮುಖ್ಯ. ಕಪ್ಪೆ, ಹಕ್ಕಿ, ಓತಿ, ಅಳಿಲು ಮುಂತಾದುವು ಈ ಇಳಿಜಾರಿನಿಂದಲೇ ಇಳಿದು ಹತ್ತಬೇಕು. ಉಳಿದ ಮೂರು ಬದಿಗಳು ಅಡಿಗೆ ಅಡಿಯಂತೆ ಇಳಿದರೆ ಸಾಕು.

3. ತಳಕ್ಕೂ ಬದಿಗಳಿಗೂ ಕೆರೆಯ ಜೇಡಿಮಣ್ಣನ್ನು ಹದವಾಗಿ ನೆನಸಿ, 6 ಅಂಗುಲ ದಪ್ಪ ಬರುವಂತೆ ಪದರ ಪದರವಾಗಿ ಹಾಕಿ ತುಳಿಯಬೇಕು. ಒಣಗಿ ಬಿರುಕುಬಿಡದಂತೆ ಕೂಡಲೇ ನೀರು ಬಿಡತಕ್ಕದ್ದು.

ಈ ಅಳತೆಯ ಕುಂಟೆಯಲ್ಲಿ ಸುಮಾರು 5,800 ಲೀಟರು ನೀರು ನಿಲ್ಲುವುದು. 500 ಚದರ ಅಡಿಯ ಮಾಳಿಗೆಯ ಮೇಲೆ 1 ಅಂಗುಲ ಮಳೆ ಬಿದ್ದರೆ ಸುಮಾರು 1,180 ಲೀಟರಾಗುತ್ತದೆ. ಪೋಲಾಗುವುದನ್ನು ಕಳೆದು 1,000 ಲೀಟರೆಂದಿಟ್ಟುಕೊಂಡರೂ 6 ಅಂಗುಲ ಮಳೆಗೆ ಕುಂಟೆ ತುಂಬುವುದು. ಮಳೆಗಾಲದಲ್ಲಿ ಎರಡು ತಿಂಗಳಾದರೂ ನೀರು ನಿಂತರೆ ಕಪ್ಪೆಯ ಮರಿಗಳು ಬಾಲ ಕಳೆದುಕೊಂಡು ದಡ ಹತ್ತಲು ಅವಕಾಶವಾಗುತ್ತದೆ. ದೊಡ್ಡ ಕಪ್ಪೆಗಳ ಕಾಲುಗಳಿಗಾಗಿ ಅವುಗಳನ್ನು ಹಿಡಿದು ಹೊರದೇಶಗಳಿಗೆ ಕಳುಹಿಸುತ್ತಿದ್ದುದನ್ನು ಸರ್ಕಾರವು 1987ರಲ್ಲಿ ನಿಷೇಧಿಸಿತು. ಹೊಲದ ಹುಳುಗಳನ್ನು ತಿನ್ನುವ ಈ ಕಪ್ಪೆಗೆ ಇಂದು ಬೇಕಾಗಿರುವುದು ಮೊಟ್ಟೆಯಿಡಲು ನಿಂತ ನೀರು.

ನೀರಿನಲ್ಲಿ ನೈದಿಲೆಯ ಒಂದೆರಡು ಗೆಡ್ಡೆ, ಅಂಚಿನ ಕೆಸರಿನಲ್ಲಿ ಬಜೆ ಮತ್ತು ಒಂದೆಲಗವನ್ನು ನೆಡಬಹುದು. ನೇರಿಳೆ ಹೂವಿನ ಹಯಸಿಂತ್ ಕಳೆಯನ್ನು ಅಂದಕ್ಕಾಗಿಯೂ ತರಕೂಡದು. ಅದು ಕೆಲವೇ ತಿಂಗಳಲ್ಲಿ ನೀರನ್ನೆಲ್ಲ ಮುಚ್ಚಿಬಿಡುವುದು.

ಹೂವಿನ ಸಾಲು

ಕುಂಟೆಯ ಸುತ್ತಲೂ ಬದುವಿನ ಮೇಲೂ 3 ಅಡಿ ಅಗಲದ ಪಟ್ಟೆಯನ್ನು ಹೂವಿಗೆಂದು ಬಿಡಬೇಕು. ಯಾವ ತಿಂಗಳಿನಲ್ಲಿಯೂ ಹೂವಿಲ್ಲದಂತೆ ಆಗಬಾರದೆಂಬುದೇ ಇಲ್ಲಿಯ ಸೂತ್ರ. ಮಳೆಗಾಲಕ್ಕೆ ತುಂಬೆ, ರಾಗಿಯೊಡನೆ ಬಿತ್ತಿದ ಹುಚ್ಚೆಳ್ಳು ಹಿಂಗಾರಿಗೆ, ಚಳಿಗಾಲಕ್ಕೆ ನುಗ್ಗೆ, ಬೇಸಗೆಗೆ ಹೊಂಗೆ ಮತ್ತು ಬೇವು, ಬಹುಕಾಲ ಹೂಬಿಡುವ ತುಳಸಿ ಮತ್ತು ತಂಗಡಿ. ಕೊತ್ತಂಬರಿ, ಸಬ್ಬಸಿಗೆಗಳ ನಾಲ್ಕಾರು ಗಿಡಗಳನ್ನು ಕೀಳದೆ ಹೂವಿಗೆ ಬಿಟ್ಟರೆ, ಅವುಗಳ ಸಣ್ಣ ಹೂಗಳಿಗೆ ಬರುವ ನೊಣ ಮತ್ತು ಕಣಜಗಳು ಉಪಕಾರಿಗಳಾಗುವುವು. ಹೂನೊಣದ ಮರಿಗಳು ಹೇನುಗಳನ್ನು ತಿನ್ನುವುವು. ಕಿರುಕಣಜಗಳು ಹುಳುಗಳ ಮೊಟ್ಟೆಗಳಲ್ಲಿಯೂ ಮೈಯಲ್ಲಿಯೂ ತಮ್ಮ ಮೊಟ್ಟೆಯನ್ನಿಡುವುವು.

ಚಿಟ್ಟೆಗಳಿಗೆ ಹೂವಲ್ಲದೆ ಮರಿ ತಿನ್ನುವ ಎಲೆಯೂ ಬೇಕು. ಕರಿಬೇವಿನ ಹಾಗೂ ನಿಂಬೆಯ ಎಲೆಯ ಮೇಲೆ ಕಾಣುವ ಹುಳು ದೊಡ್ಡ ಕಪ್ಪು ಚಿಟ್ಟೆಯಾಗುವುದು. ಎಕ್ಕದ ಹುಳು ಕಿತ್ತಳೆ ಬಣ್ಣದ ಚಿಟ್ಟೆಯಾಗುವುದು. ಮೂಲೆಯಲ್ಲಿ ಒಂದು ಎಕ್ಕವಿರಲಿ. ಪಟ್ಟೆಯಲ್ಲಿ ಕೆಲವೆಡೆ ಬರಿಯ ನೆಲವನ್ನು ಅಗೆಯದೆ ಬಿಟ್ಟರೆ ಒಂಟಿ ದುಂಬಿಗಳು ಅಲ್ಲಿ ಗೂಡುಮಾಡುವುವು.

ಕಾಡುಹೂವೆಂದಮಾತ್ರಕ್ಕೆ ಎಲ್ಲ ಕಳೆಯನ್ನೂ ಬಿಡಬೇಕೆಂದು ಅರ್ಥವಲ್ಲ. ಪಾರ್ಥೇನಿಯಂ ಮತ್ತು ಲಂಟಾನಗಳು ಹೊರದೇಶಗಳಿಂದ ಬಂದು ನಮ್ಮ ಗಿಡಗಳನ್ನು ಹೊರದೂಡಿದವು. ಅವುಗಳನ್ನು ಹೂಬಿಡುವ ಮುನ್ನ ಬೇರುಸಹಿತ ಕೀಳತಕ್ಕದ್ದು.

ಸಾಮಾನ್ಯವಾದ ಸಂದೇಹಗಳು

ಸೊಳ್ಳೆ ಹೆಚ್ಚುವುದಿಲ್ಲವೇ ಎಂದು ಅನೇಕರು ಕೇಳುವರು. ಒಡೆದ ಮಡಕೆ, ಬಿಸಾಡಿದ ಟೈರುಗಳಲ್ಲಿ ಶತ್ರುಗಳೇ ಇಲ್ಲದ ಕಾರಣ ಸೊಳ್ಳೆ ನಿರ್ಭಯವಾಗಿ ಬೆಳೆಯುವುದು. ಜೀವಿಗಳು ನೆಲೆಸಿದ ಕುಂಟೆಯಲ್ಲಾದರೋ ಕೊಡತಿಹುಳು ಎಂದು ಕರೆಯುವ ಏರೋಪ್ಲೇನ್ ಚಿಟ್ಟೆಯ ಮರಿಗಳೂ ನೀರುತಿಗಣೆಗಳೂ ಸೊಳ್ಳೆಯ ಮರಿಗಳನ್ನು ತಿನ್ನುವುವು. ಗ್ಯಾಂಬೂಸಿಯ ಮೀನನ್ನು ಬಿಡುವ ಅಭ್ಯಾಸವುಂಟು. ಅದು ಕಪ್ಪೆಯ ಮೊಟ್ಟೆ ಮರಿಗಳನ್ನೂ ತಿನ್ನುವುದರಿಂದ ಇಂಥ ಕುಂಟೆಗೆ ಸಲ್ಲದು.

ಹಾವು ಬರಬಹುದು, ಕಪ್ಪೆಯಿದ್ದಲ್ಲಿ ವಿಷವಿಲ್ಲದ ನೀರುಹಾವು ಬರುವುದು ಸಹಜ. ವಿಷದ ಹಾವನ್ನು ಮನೆಯ ಹತ್ತಿರ ತರುವುದು ಮುಖ್ಯವಾಗಿ ಇಲಿ. ಆದ್ದರಿಂದ ಸೌದೆಯ ರಾಶಿ, ಕಲ್ಲುಗುಡ್ಡೆಗಳನ್ನು ಬಾಗಿಲ ಬಳಿ ಇಡಬಾರದು.

ಮಕ್ಕಳ ವಿಷಯದಲ್ಲಿ ಮಾತ್ರ ಯಾವ ಉದಾಸೀನವೂ ಸಲ್ಲದು. ಮೂರು ಅಡಿ ನೀರು ಸಣ್ಣ ಮಗುವಿಗೆ ಪ್ರಾಣಾಂತಿಕ. 4 ಅಡಿ ಎತ್ತರದ ಬಿದಿರಿನ ಬೇಲಿಯನ್ನು ಕಟ್ಟಿ, ಕಪ್ಪೆಗಳು ನುಸುಳಲು ಕೆಳಗೆ 3 ಅಂಗುಲ ಸಂದು ಬಿಡಬೇಕು. 2014-15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಲ್ಲಿ ತೋಡಿಸಿದ ಹೊಂಡಗಳಿರುವವರಿಗೂ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುವುದು. ಪ್ಲಾಸ್ಟಿಕ್ ಹಾಳೆ ಹಾಸಿದ ಬದಿ ಜಾರುವುದರಿಂದ ಬಿದ್ದವರು ಹತ್ತಲಾರರು. ಸುತ್ತಲೂ ಬೇಲಿ ಹಾಕಿ, ನಾಲ್ಕು ಮೂಲೆಗಳಲ್ಲಿ ಗಂಟುಹಾಕಿದ ದಪ್ಪ ಹಗ್ಗಗಳನ್ನು ಗೂಟಕ್ಕೆ ಬಿಗಿದು ನೀರಿಗೆ ಇಳಿಬಿಡತಕ್ಕದ್ದು. ತೆಂಗಿನ ನಾರಿನ ಚಾಪೆಯೊಂದನ್ನು ಇಳಿಬಿಟ್ಟರೆ ಸಣ್ಣ ಪ್ರಾಣಿಗಳೂ ಬದುಕಿಕೊಳ್ಳುವುವು.

ಕೊನೆಯದಾಗಿ, ಹೂವಿನ ಪಟ್ಟೆಗೆ ಕೀಟನಾಶಕವನ್ನು ಎಂದಿಗೂ ಸಿಂಪಡಿಸಕೂಡದು. ಬೆಳೆಗೆ ಸಿಂಪಡಿಸಲೇಬೇಕಾದಾಗ ಹೂ ಅರಳಿರುವ ಬೆಳಗಿನ ಹೊತ್ತನ್ನು ಬಿಟ್ಟು, ಜೇನು ಗೂಡಿಗೆ ಹಿಂದಿರುಗಿದ ಸಂಜೆಯಲ್ಲಿ, ಗಾಳಿಯಿಲ್ಲದಾಗ ಸಿಂಪಡಿಸಬೇಕು. ಸಿಂಪಡಿಸುವ ಯಂತ್ರವನ್ನು ಕುಂಟೆಯಲ್ಲಿ ತೊಳೆಯಬಾರದು.

ಮೇಲೆ ಹೇಳಿದ ಗೌಡರು ನನ್ನ ಮೇಲೆ ಕೋಪಿಸಿಕೊಳ್ಳಲಿಲ್ಲ. ಬದುವಿನ ತುಂಬೆಯನ್ನು ಮತ್ತೆ ಬಿಟ್ಟರು. ಗೋಕಟ್ಟೆಯಿದ್ದ ತಗ್ಗಿನಲ್ಲಿಯೇ ಕುಂಟೆ ತೋಡಿಸಿದರು. ಮೂರನೆಯ ವರ್ಷ ಕುಂಬಳದ ಕಾಯಿಯೊಂದನ್ನು ಕೈಗಿಟ್ಟು, "ಇದನ್ನು ನಾವು ಮುಟ್ಟಿ ಕಟ್ಟಿಸಿದ್ದಲ್ಲ, ಸ್ವಾಮೀ" ಎಂದರು. ಬದುವನ್ನು ಕೆತ್ತುವುದು ಒಂದು ದಿನದ ಕೆಲಸ; ಹೋದ ಜೇನು ಹಿಂದಿರುಗಲು ವರ್ಷಗಳೇ ಬೇಕಾದವು. ಓದುಗರು ಈ ಮುಂಗಾರಿಗೆ ಮುಂಚೆ ತಮ್ಮ ಹಿತ್ತಲಿನಲ್ಲಿ ಗುಂಟೆಯಷ್ಟು ಜಾಗವನ್ನು ಇದಕ್ಕಾಗಿ ಮೀಸಲಿಟ್ಟು, ಮೂರು ಫಸಲುಗಳ ಕಾಲ ತಾವೇ ಪರೀಕ್ಷಿಸಿ ನೋಡಬೇಕೆಂದು ಪ್ರಾರ್ಥಿಸುತ್ತೇನೆ.