ಬಾಡಿಗೆಯಲ್ಲೂ ತಣ್ಣನೆಯದು, ಬಿಸಿಯದು ಉಂಟೇ?

ಪ್ರಶ್ನೆ: ಜರ್ಮನಿಗೆ ಎಂ.ಎಸ್. ಓದಲು ಹೋದ ಮಗ ‘ವೇಗೇಯಲ್ಲಿ ರೂಮು ಸಿಕ್ಕಿತು, ಬಿಸಿ ಬಾಡಿಗೆ 420 ಯೂರೊ’ ಎನ್ನುತ್ತಾನೆ. ಏನಿದು?

ಉತ್ತರ: ‘ವೋನ್‌ಗೆಮೈನ್‌ಶಾಫ್ಟ್’ ಎಂಬ ಮಾರುದ್ದದ ಪದದ ಗಿಡ್ಡ ರೂಪವೇ ‘ವೇಗೇ’. ಕೋಣೆ ಅವರವರದು, ಅಡುಗೆಮನೆ–ಬಚ್ಚಲು ಎಲ್ಲರದು. ಬರೀ ಜಾಗದ ಬಾಡಿಗೆ ‘ತಣ್ಣನೆಯದು’. ಹೀಟಿಂಗ್, ನೀರು, ಕಸದ ಖರ್ಚು ಸೇರಿದರೆ ‘ಬಿಸಿ’. ಕರೆಂಟು, ಇಂಟರ್ನೆಟ್ ಅದರಲ್ಲಿ ಇರಬಹುದು, ಇಲ್ಲದಿರಬಹುದು. ಕೇಳಿಯೇ ಸಹಿ ಹಾಕಬೇಕು. ಅಡ್ವಾನ್ಸ್ ಮಾತ್ರ ತಣ್ಣನೆಯ ಲೆಕ್ಕದಲ್ಲೇ, ಅದೂ 3 ತಿಂಗಳದ್ದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದ ಬೆಂಗಳೂರಿನವರಿಗೆ ಇದು ಸ್ವರ್ಗವೇ ಸರಿ!

ಹೊಸಬರು ಎಡವುವುದು ಅಡುಗೆಮನೆಯಲ್ಲಿ. ಫ್ರಿಜ್ಜಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಖಾನೆ. ಗೋಡೆಯ ಮೇಲೆ ‘ಪುಟ್ಸ್‌ಪ್ಲಾನ್’, ಅಂದರೆ ಯಾವ ವಾರ ಯಾರು ಬಚ್ಚಲು ತಿಕ್ಕಬೇಕೆಂಬ ಪಟ್ಟಿ. ಒಣಮೆಣಸಿನಕಾಯಿ ಒಗ್ಗರಣೆಗೆ ಮುಂಚೆ ಕಿಟಕಿ ತೆರೆದು, ಬಾಗಿಲು ಮುಚ್ಚಿಕೊಳ್ಳಬೇಕು. ಹೊಗೆ ಆಚೆ ದಾಟಿದರೆ ಹಜಾರದ ಸೂರಿನಲ್ಲಿರುವ ಅಲಾರಂ ಕಿರುಚಿಕೊಳ್ಳುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ, ಹಾಗಾಗಿ ಚಟ್ನಿಗೆ ಮಿಕ್ಸಿ ಹಾಕುವುದು ಬೆಳಕಾದ ಮೇಲೆ. ಭಾನುವಾರ ಅಂಗಡಿಗಳಿಗೆ ಬೀಗ. ಮೊಸರು ಶನಿವಾರವೇ ತಂದಿಟ್ಟುಕೊಂಡಿರಬೇಕು.

ಮಗನಿಗೆ ಇದೊಂದು ತಪ್ಪದೆ ಹೇಳಿ: ಮನೆ ಸೇರಿದ 2 ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರು ಸಹಿ ಹಾಕಿದ ಪತ್ರ ಬೇಕು. ಆ ಪತ್ರ ಕೊಡಲು ಒಲ್ಲೆ ಎನ್ನುವವರ ರೂಮು ಎಷ್ಟೇ ಅಗ್ಗವಾದರೂ ಬೇಡ.